ಹುಳುಮನೆಯ ಬೆಳಗಿನ ಕಾವು

ಮೂಗೂರಿನ ಕಲ್ಲಯ್ಯನ ಮನೆಯಲ್ಲಿ ಒಂದು ರೇಷ್ಮೆಹುಳು ಸೀನಿದರೆ ನಂಜನಗೂಡಿನ ರೇಷ್ಮೆ ಆಫೀಸಿನಲ್ಲಿ ಗಂಟೆ ಬಾರಿಸುತ್ತಿತ್ತು. ಸುಳ್ಳೆನ್ನುವವರು ಎರಡು ಸಾವಿರದ ಎಂಟನೇ ಇಸವಿಗೆ ಹೋಗಿ ನೋಡಿಕೊಂಡು ಬರಲಿ. ಮರಿಹುಳುಗಳ ತಟ್ಟೆಗಳ ನಡುವೆ ಕಾವು ಅಳೆಯುವ ಸೆನ್ಸರು. ಅಲ್ಲಿಂದ ಬಾಗಿಲ ಮೇಲೆ ಹಾದು ಪಡಸಾಲೆಗೆ ಬರುವ ತಂತಿ. ತಂತಿಯ ತುದಿಗೆ ಸಿಮ್ ಹಾಕಿದ ಡಬ್ಬಿ. ಡಬ್ಬಿ ಕಳಿಸುವ ಅಂಕಿಯನ್ನು ನಂಜನಗೂಡಿನಲ್ಲಿ ಕೂತು ನೋಡುವವಳು ಕಲ್ಲಯ್ಯನ ಮಗಳು ನಯನ. ವೈರಿಂಗ್ ಕೆಲಸದಲ್ಲಿ ಅವಳ ಸಮಕ್ಕೆ ಮೂರು ಲೋಕದಲ್ಲಿ ಯಾರೂ ಇರಲಿಲ್ಲ. ಅವಳನ್ನು ಕಂಡರೆ ಕರೆಂಟೇ ಎದ್ದು ನಿಂತು ದಾರಿ ಬಿಡುತ್ತಿತ್ತು.

ಅಂಥವಳಿಗೇ ಅಪ್ಪನ ಮನೆಯ ಡಬ್ಬಿ ಕೈಕೊಟ್ಟಿತು. ಇಪ್ಪತ್ತೇಳು ಇರಬೇಕಾದ ಕಾವು ದಿನಾ ಬೆಳಗ್ಗೆ ಮೂವತ್ತಾರಕ್ಕೆ ನೆಗೆಯುತ್ತಿತ್ತು. ಅಷ್ಟು ಕಾವಿಗೆ ಹುಳುಗಳೆಲ್ಲ ಹುರಿಗಡಲೆಯಾಗಬೇಕು. ಅವು ನೋಡಿದರೆ ಬೀಗರ ಹಾಗೆ ಆರಾಮಾಗಿ ಸೊಪ್ಪು ಮೇಯುತ್ತಿದ್ದವು. ನಯನ ನರಸೀಪುರದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಾಗ ಮಧ್ಯಾಹ್ನ. ಅಷ್ಟರಲ್ಲಿ ಅಂಕಿ ಏನೂ ಅರಿಯದ ಮಳ್ಳಿಯಂತೆ ಇಪ್ಪತ್ತೇಳಕ್ಕೆ ಇಳಿದಿರುತ್ತಿತ್ತು. ಒಂದು ಸಲ ಸೆನ್ಸರ್ ಬದಲಿಸಿದಳು, ಇನ್ನೊಂದು ಸಲ ಡಬ್ಬಿಯನ್ನೇ ಬದಲಿಸಿದಳು. ಊಹೂಂ.

"ಸೋಮವಾರಕ್ಕೆ ಸರಿಹೋಗ್ದಿದ್ರೆ ಡಬ್ಬಿ ಬಿಚ್ಚಿ ಕವಲಂದೆ ಊರಿನ ಹುಳುಮನೆಗೆ ಹಾಕಿಸ್ತೀನಿ ಕಣಮ್ಮ" ಎಂದರು ಆಫೀಸಿನ ಸಾಹೇಬರು.

ಡಬ್ಬಿ ಹೋದರೆ ಅಪ್ಪ ಮತ್ತೆ ಹುಳುಮನೆಯ ಹೊಸ್ತಿಲಲ್ಲೇ ಮಲಗಿ, ರಾತ್ರಿಯೆಲ್ಲ ಎದ್ದೆದ್ದು ಥರ್ಮಾಮೀಟರ್ ನೋಡಬೇಕು. ಅವನ ಕೆಮ್ಮಿಗೋ, ಪಕ್ಕದೂರಿನ ನಾಯಿಗಳೂ ಬೊಗಳುತ್ತಿದ್ದವು. ಅವನು ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದೇ ಅವಳು ಸಾಹೇಬರನ್ನು ಕಾಡಿ ಬೇಡಿ ಡಬ್ಬಿ ಹಾಕಿಸಿದ್ದು.

ಭಾನುವಾರ ಊರಿಗೆ ಹೋದವಳು ಅಲ್ಲೇ ಉಳಿದಳು.

"ಏನವ್ವಾ ಇಂಜಿನಿಯರಮ್ಮ, ನಿನ್ ಡಬ್ಬಿಗೆ ದೃಷ್ಟಿ ತೆಗೀಬೇಕಾ?" ಅಪ್ಪ ಉಣ್ಣುತ್ತಾ ಛೇಡಿಸಿದ.

"ಸುಮ್ಕಿರಿ, ಮಗಾನೇ ತಲೆ ಕೆಟ್ಟು ಕೂತದೆ" ಎನ್ನುತ್ತಾ ಅವ್ವ ಸಿದ್ದಲಿಂಗಮ್ಮ ಮಗಳ ತಟ್ಟೆಗೆ ಆನೆ ತಲೆಯಷ್ಟು ದೊಡ್ಡ ಮುದ್ದೆ ಇಟ್ಟಳು.

ಸೋಮವಾರ ಕೋಳಿಗಿಂತ ಮೊದಲೇ ಎದ್ದು ನಯನ ಡಬ್ಬಿಯ ಮುಂದೆ ಕೂತಳು. ಇಪ್ಪತ್ತೇಳು. ಅಪ್ಪ ಸ್ನಾನ ಮಾಡಿದ, ವಿಭೂತಿಗಟ್ಟಿ ನೆನೆಸಿ ಹಣೆಗೆ ಧರಿಸಿದ, ಲಿಂಗಪೂಜೆ ಮುಗಿಸಿದ. ಆಗಲೂ ಇಪ್ಪತ್ತೇಳು. ಆಮೇಲೆ ಮೂಲೆಯಲ್ಲಿ ಕೂತ ಮಗಳನ್ನು ಗಮನಿಸದೆ ಮೆಲ್ಲಗೆ ಬಾಗಿಲ ಹತ್ತಿರ ಬಂದ. ತಂತಿ ಸಾಲದೆ ಅಲ್ಲೊಂದು ಕಡೆ ಜೋಡಿಸಿ ಟೇಪು ಸುತ್ತಿದ್ದರು. ಆ ಗಂಟಿನ ಮೇಲೆ ಒದ್ದೆ ವಿಭೂತಿಯ ಮೂರು ಬೆರಳು ಎಳೆದು ಕೈಮುಗಿದ.

ಡಬ್ಬಿಯಲ್ಲಿ ಮೂವತ್ತು. ಮೂವತ್ತಮೂರು. ಮೂವತ್ತಾರು.

"ಅಪ್ಪಾ!"

ಹುಲಿಯ ಕಿವಿ ಹಿಂಡಿ ಬಂದವನು ಎನ್ನಿಸಿಕೊಂಡಿದ್ದ ಕಲ್ಲಯ್ಯ, ಹಾಲು ಕದ್ದ ಬೆಕ್ಕಿನ ಹಾಗೆ ನಿಂತ.

"ದಿನಾ ಇಕ್ತೀಯಾ ಅದ್ಕೆ?"

"ಊಂ ಕಣವ್ವ. ನೀ ಇಸ್ಕೂಲ್ಗೆ ಓಗುವಾಗ ನಿನ್ ಅಣೆಗೆ ನಾನೇ ತಾನೆ ಇಕ್ತಿದ್ದುದು? ಈಗ ಇದ್ರ ಆಕಡೆ ತುದೀಲಿ ನೀನ್ ಕೂತಿರ್ತೀನಿ ಅಂದ್ಯಲ್ಲ. ಅಲ್ಗಂಟ ಕೈ ಎಟುಕಾಕಿಲ್ಲ. ಅದ್ಕೆ ಈ ಕಡೆಗೇ ಇಕ್ದೆ."

ಟೇಪು ಸಡಿಲಾಗಿತ್ತು. ಒಳಗಿಳಿದ ಒದ್ದೆ ವಿಭೂತಿ ಎರಡು ತಂತಿಗಳಿಗೂ ಸೇತುವೆ ಕಟ್ಟಿತ್ತು. ಒಂದಷ್ಟು ಕರೆಂಟು ಸೆನ್ಸರಿನ ತನಕ ಹೋಗದೆ ಅಲ್ಲೇ ಅಡ್ಡದಾರಿ ಹಿಡಿದರೆ, ಕರೆಂಟು ಹೆಚ್ಚಿದಷ್ಟೂ ಕಾವು ಹೆಚ್ಚೆಂದು ಎಣಿಸುವ ಡಬ್ಬಿ ಅದನ್ನೇ ಕಾವೆಂದು ನಂಬುತ್ತಿತ್ತು. ಬಿಸಿಲೇರಿ ಒಣಗಿದ ಮೇಲೆ ಎಲ್ಲ ಸರಿ. ಬೈಯಲೆಂದು ನಯನ ಬಾಯಿ ತೆರೆದಳು. ಬೈಗುಳದ ಬದಲು ಕಣ್ಣಿಗೆ ಇಡೀ ಕಪಿಲಾ ಹೊಳೆಯೇ ಬಂತು, ತೋಳಿನಲ್ಲಿ ಒರೆಸಿಕೊಂಡಳು.

"ಕಾವು ಏರೋದ್ಕೆ ಇಷ್ಟ್ ದಿನ ನನ್ ಒಲೇನ ಬಯ್ತಿದ್ರಲ್ಲ, ಈಗೇನಂತೀರಿ?" ಸಿದ್ದಲಿಂಗಮ್ಮ ಒಳಗಿಂದಲೇ ಗಂಡನಿಗೆ ತಿವಿದಳು.

ನಯನ ಗಂಟು ಬಿಚ್ಚಿ ಒರೆಸಿ, ಬೆಸುಗೆ ಹಾಕಿ, ನೀರಿಳಿಯದಂತೆ ರಬ್ಬರ್ ಕೊಳವೆ ತೊಡಿಸಿದಳು. ಇಪ್ಪತ್ತೇಳು. ಆಮೇಲೆ ಅಪ್ಪನ ಮುಂದೆ ಬಂದು ತಲೆ ಬಗ್ಗಿಸಿದಳು.

"ಆಕಡೆ ತುದಿ ಇಲ್ಲೇ ಬಂದದೆ. ಇಕ್ಕು."

"ತಡಿ ತಡಿ, ಇಲ್ಯಾವ ಟೇಪೂ ಸಡ್ಲಾಗಿಲ್ಲ ತಾನೆ?" ಎನ್ನುತ್ತಾ ಅಪ್ಪ ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಮೂರು ಬೆರಳೆಳೆದ.

ಡಬ್ಬಿ ಮೂಗೂರಿನಲ್ಲೇ ಉಳಿಯಿತು. ಮಂಗಳವಾರ ಬೆಳಗ್ಗೆ ಆಫೀಸಿನಲ್ಲಿ ಅಂಕಿ ಇಪ್ಪತ್ತೇಳು ಬಿಟ್ಟು ಕದಲಲಿಲ್ಲ. ಏನೋ ಒಂದು ಕಡಿಮೆಯಾದಂತೆನಿಸಿ ನಯನ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಡಬ್ಬಿ ಮುಚ್ಚಳದ ಮೇಲೆ ಇಕ್ಬೋದು. ಅಲ್ಲಿ ಏನೂ ಆಗಲ್ಲ."

"ಆಗ್ಲೇ ಇಕ್ಕಾಯ್ತು ಓಗವ್ವ" ಎಂದ ಕಲ್ಲಯ್ಯ, ಆಕಳಿಸುತ್ತಾ. "ಅದ್ಕೂ ನಿನ್ನ ಕೇಳ್ಬೇಕಾ?"