ಆರಾಮ ಪಾರ್ಟಿಯ ಕದ್ದ ಓಟ

ಪುಣೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಮಂಡಿ, ಮೀನಖಂಡ, ತೊಡೆಗಳ ಯೋಗಕ್ಷೇಮ ನೋಡಿಕೊಳ್ಳುವ ಫಿಸಿಯೋ ನಾನು. 2008ರಲ್ಲಿ ತರಬೇತಿ ಶಿಬಿರ ಶುರುವಾಗುವ ಮೊದಲೇ ನನಗೂ ಕೋಚ್ ಪಂಢರಿನಾಥರಿಗೂ ಜಟಾಪಟಿ ಬಿತ್ತು. ಅವರು ಅಕ್ಕಲಕೋಟೆ ಕಡೆಯ ಗರಡಿಯಲ್ಲಿ ಬೆಳೆದ ಮನುಷ್ಯ. ಹುಡುಗರು ಸುಸ್ತಾಗಿ ಬೀಳದಿದ್ದರೆ ಅವರ ಲೆಕ್ಕದಲ್ಲಿ ಅದು ತರಬೇತಿಯೇ ಅಲ್ಲ. ಹಿಂದಿನ ವರ್ಷ ಅವರ ಶಿಬಿರ ಮುಗಿಯುವಷ್ಟರಲ್ಲಿ ಅರ್ಧ ತಂಡ ನನ್ನ ಮೇಜಿನ ಮೇಲೆ ಮಲಗಿತ್ತು.

"ಮೈಗೆ ಕೆಲಸ ಕೊಟ್ರ ಮೈ ಗಟ್ಟಿ ಆಗತದ್ರಿ ಶೈಲಾಬಾಯಿ. ನಿಮ್ಮ ಮಾತು ಕೇಳಿದ್ರ ಹುಡುಗ್ರು ಬೆಣ್ಣಿ ಆಗ್ತಾರ," ಎಂದರು.

"ಹೋದ ವರ್ಷ ಗಟ್ಟಿ ಆದವ್ರನ್ನ ನಾನ ಎತ್ತಿ ಕೂಡ್ಸೀನ್ರಿ ಸರ್," ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಕೊನೆಗೆ ತಂಡವನ್ನು ಎರಡು ಭಾಗ ಮಾಡುವುದೆಂದಾಯಿತು. ಅವರ ಗುಂಪು ದಿನಾ ಬೆಳಿಗ್ಗೆ ಕಾತ್ರಜ ಘಾಟ್ ಹತ್ತಿ ಓಡಬೇಕು, ಸಂಜೆ ಮತ್ತೆ ಮೈದಾನಕ್ಕೆ ಬರಬೇಕು. ನನ್ನ ಗುಂಪಿಗೆ ಸಂಜೆ ಮಾತ್ರ ಕಸರತ್ತು, ಉಳಿದಂತೆ ವಿಶ್ರಾಂತಿ. ಯಾರ ಕಡೆ ಗಾಯಾಳುಗಳು ಕಡಿಮೆಯೋ ಇನ್ನು ಮುಂದೆ ಅವರ ಪದ್ಧತಿಯೇ ಎಲ್ಲರಿಗೂ.

ನನಗೆ ಇದು ಬರೀ ಹಟವಾಗಿರಲಿಲ್ಲ. ನನ್ನ ಗುಂಪಿನಲ್ಲಿ ಮಾಂತು ಇದ್ದ. ಯಾದಗಿರಿ ಕಡೆಯಿಂದ ಬಂದು ಧನಕವಡಿಯಲ್ಲಿ ಕಟ್ಟಡದ ಕೆಲಸ ಮಾಡುವ ಯಂಕವ್ವನ ಮಗ. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಾಳಿಗಳಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಹಿಂದಿನ ಶಿಬಿರದಲ್ಲಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡಿದ್ದ. ಈ ಸಲವೂ ಕಾಲು ಕೈಕೊಟ್ಟರೆ ಮುಂದೆ ಸಂಬಳದ ಕರಾರು ಇಲ್ಲ ಎಂದು ಕ್ಲಬ್ ಕಡ್ಡಿ ಮುರಿದಂತೆ ಹೇಳಿತ್ತು. ಘಾಟ್ ಹತ್ತಿಸಿದರೆ ಆ ತೊಡೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಘಾಟಿನ ಗುಂಪಿನವರು ನನ್ನ ಹುಡುಗರಿಗೆ 'ಆರಾಮ ಪಾರ್ಟಿ' ಎಂದು ಹೆಸರಿಟ್ಟರು. ತಿಂಡಿಗೆ ಕೂತಾಗ, "ನೀವು ಏನ್ ದಣದೀರಿ ಅಂತ ಎರಡೆರಡು ಮೊಟ್ಟಿ ತಿಂತೀರೋ?" ಎಂದು ಕಾಲೆಳೆಯುತ್ತಿದ್ದರು. ನಾನು ಕೇಳಿಯೂ ಕೇಳದಂತಿದ್ದೆ.

ಶಿಬಿರ ಮುಗಿಯುತ್ತ ಬಂದಾಗ ನೋಡಿದರೆ ಎಲ್ಲ ತಲೆಕೆಳಗು. ನನ್ನ ಆರಾಮ ಪಾರ್ಟಿಯವರು ಒಬ್ಬೊಬ್ಬರಾಗಿ ಮಂಡಿ ಹಿಡಿದುಕೊಂಡು ಬರತೊಡಗಿದರು. ಘಾಟಿನ ಗುಂಪಿನಲ್ಲಿ ಹುಲಿಗೆಪ್ಪನೊಬ್ಬನ ಪಾದ ಉಳುಕಿದ್ದು ಬಿಟ್ಟರೆ ಉಳಿದವರೆಲ್ಲ ಗುಂಡುಕಲ್ಲು. ಪಂಢರಿನಾಥರು ಪೇಡೆ ತಂದು ಹಂಚಿದರು, ನನಗೆ ಬೇಕೆಂದೇ ಎರಡು ಕೊಟ್ಟರು. ಹೊಟ್ಟೆ ಉರಿಯಿತು, ಪೇಡೆ ಮಾತ್ರ ಚೆನ್ನಾಗಿತ್ತು.

ಅದೇ ದಿನ ಮಾಂತು ಕುಂಟುತ್ತ ಬಂದ. ಮತ್ತೆ ಅದೇ ತೊಡೆ. ಮೇಜಿನ ಮೇಲೆ ಕೂರಿಸಿ ಒತ್ತಿ ನೋಡಿದೆ.

"ನಾ ಹೇಳಿದಷ್ಟ ಮಾಡಿದ್ರ ಇದು ಹಿಂಗ ಆಗೂದಿಲ್ಲ. ಖರೇ ಹೇಳು," ಎಂದು ಜಬರಿಸಿದೆ.

ಅವನು ತಲೆ ತಗ್ಗಿಸಿದ. "ಮುಂಜಾನೆ ತಳಜಾಯಿ ಗುಡ್ಡಕ್ಕ ಓಡ್ತಿದ್ವಿ ಅಕ್ಕಾರ. ನಾವೆಲ್ಲಾರೂ. ಅವ್ರು ಭಾಳ ಚಾಷ್ಟಿ ಮಾಡ್ತಿದ್ರು."

ಪಕ್ಕದ ಮೇಜಿನ ಮೇಲೆ ಮಲಗಿದ್ದ ಹುಲಿಗೆಪ್ಪ ಕಿಸಕ್ಕನೆ ನಕ್ಕ. "ಸರ್ ಕೆಳಗ ನಿಂತಿರ್ತಿದ್ರು, ನಾವು ತಿರುವು ದಾಟಿ ಘಾಟ್ ತರಕಾರಿ ಟೆಂಪೋದಾಗ ಹತ್ತತಿದ್ವಲೇ. ಮ್ಯಾಲ ಚಾ ಕುಡದು, ಮುಖಕ್ಕ ನೀರು ಹೊಡಕೊಂಡು, ಮತ್ತೊಂದು ಟೆಂಪೋದಾಗ ಇಳದು ಬರ್ತಿದ್ವಿ."

"ಮತ್ತ ನಿನ್ನ ಕಾಲು?" ಎಂದು ನಾನು ಕೇಳಿದೆ.

"ಟೆಂಪೋ ನಿಲ್ಲೂಕಿಂತ ಮೊದ್ಲ ಜಿಗದೆ ರೀ."

ನಗಬೇಕೋ ಇಬ್ಬರಿಗೂ ಬಾರಿಸಬೇಕೋ ತಿಳಿಯಲಿಲ್ಲ. ಪಂಢರಿನಾಥರನ್ನು ಕರೆದು ಅವರೆದುರು ಇಬ್ಬರಿಂದಲೂ ಮತ್ತೆ ಹೇಳಿಸಿದೆ. ಅವರು ಕೈಯಲ್ಲಿದ್ದ ಪೇಡೆಯ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಹಂಗಾರ ಓಡಿದವ್ರು ಬಿದ್ದಾರ, ಮಲಗಿದವ್ರು ಚಲೋ ಅದಾರ ಅಂತೀರಿ."

"ನಾ ಏನೂ ಅನ್ನೂದಿಲ್ರಿ. ನೀವ ಅಂದ್ರಿ."

ಸೋತಾಗ ಸೋತೆನೆನ್ನುವ ದೊಡ್ಡತನ ಅವರಿಗಿತ್ತು. "ಈ ಹುಡುಗಗ ಆರು ವಾರ ಕೊಡ್ತೀನಿ. ಕ್ಲಬ್ಬಿನ ಸಾಹೇಬ್ರಿಗೆ ನಾ ಹೇಳ್ತೀನಿ. ಕಾಲು ನೆಟ್ಟಗಾದ್ರ ಕರಾರು ಆಗತದ. ಆದ್ರ ಮನ್ಯಾಗ ಖರೇನ ಕೂಡಬೇಕು," ಎಂದರು.

ನನಗೆ ಹಿಡಿಸಲಾರದಷ್ಟು ಸಂತೋಷ. ಮಾಂತುವಿನ ಮುಖ ಮಾತ್ರ ಬಾಡಿಯೇ ಇತ್ತು. ಸ್ಕೂಟರಿನಲ್ಲಿ ಅವನನ್ನು ಮನೆಗೆ ಕರೆದೊಯ್ಯುವಾಗ ಕಾರಣ ಕೇಳಿದೆ.

"ಚಾಷ್ಟಿ ಒಂದ ಅಲ್ರಿ ಅಕ್ಕಾರ. ಅವ್ವ ಸಿಮೆಂಟಿನ ಬುಟ್ಟಿ ಹೊರಾಕ ಹೊಂಟಾಗ ನಾ ಕಾಲು ಚಾಚಿ ಹ್ಯಾಂಗ ಕೂಡ್ಲಿ? ಅದಕ್ಕ ಅಕಿಗಿಂತ ಮೊದ್ಲ ಎದ್ದು ಓಡಾಕ ಹೋಗ್ತಿದ್ದೆ."

ನಾನು ಸ್ಕೂಟರಿನ ವೇಗ ತಗ್ಗಿಸಿ, ರಸ್ತೆಯ ಗುಂಡಿಗಳನ್ನು ತಪ್ಪಿಸುತ್ತ ಓಡಿಸಿದೆ.

ಯಂಕವ್ವ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ನಾನು ಸುತ್ತಿ ಬಳಸದೆ ಹೇಳಿದೆ: "ಆರು ವಾರ ಕೂಡೂದ ಇವನ ಕೆಲಸ ನೋಡ್ರಿ ಯಂಕವ್ವಾ. ಕೂತ್ರನ ನೌಕರಿ ಉಳೀತದ."

"ಕೂತ್ರ ನೌಕರಿ ಉಳೀತದ?" ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗನನ್ನು ಗೋಡೆಗೆ ಒರಗಿಸಿ, ಕೌದಿ ಮಡಚಿ ಅವನ ಕಾಲ ಕೆಳಗಿಟ್ಟಳು. "ಕೂಡೋ ಯಪ್ಪಾ. ನಮ್ಮ ಮನಿತನದಾಗ ಇಂಥಾ ಕೆಲಸ ಸಿಕ್ಕಾಂವ ನೀನ ಮೊದಲನೇದಾಂವ."

ಏಳುವಾಗ ಅವಳು ಗೋಡೆ ಹಿಡಿದು ಅರ್ಧಕ್ಕೇ ನಿಂತಳು.

"ಮಂಡಿ ನೋಯತದೇನು?"

"ಭಾಳ ವರ್ಷ ಆತ್ರಿ. ಇದಕ್ಕ ಯಾರು ಆರು ವಾರ ಕೊಡ್ತಾರ್ರಿ?" ಸಂತೆಯಲ್ಲಿ ಬೆಲೆ ಕೇಳುವವಳ ಹಾಗೆ ಸಹಜವಾಗಿ ಕೇಳಿದಳು.

ಅವಳನ್ನು ಮಗನ ಪಕ್ಕದಲ್ಲೇ ಕೂರಿಸಿ, ಮಂಡಿ ನೋಡುತ್ತೇನೆ, ಕಾಲು ಚಾಚು ಎಂದೆ. ಅವಳು ಮತ್ತೆ ಮತ್ತೆ ಮಡಚಿಕೊಳ್ಳುತ್ತಿದ್ದಳು. ಹಗಲು ಹೊತ್ತು ಕಾಲು ಚಾಚಿ ಕೂಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಮಾಂತು ತನ್ನ ಕಾಲ ಕೆಳಗಿನ ಕೌದಿಯನ್ನು ಅವಳತ್ತ ಸರಿಸಿ, ಹೀಗೆ ಎಂದು ತೋರಿಸಿಕೊಟ್ಟ.