ಮಾನಪ್ಪನ ಬಲಗಡೆಯ ಕನ್ನಡಿ

ನಾನು ಒಂದು ಬೈಕಿನ ಕನ್ನಡಿ. ಬಲಗಡೆಯದು. ಕಾರ್ಖಾನೆಯಲ್ಲಿ ಗಾಜಿನ ಬೆನ್ನಿಗೆ ಬಣ್ಣ ಬಳಿದು, ಕಪ್ಪು ಕವಚದೊಳಗೆ ಕೂರಿಸಿ, ಉಕ್ಕಿನ ಕುತ್ತಿಗೆ ಕೊಟ್ಟು ನನ್ನನ್ನು ಹುಟ್ಟಿಸಿದರು. ನನ್ನ ಜೊತೆಗೆ ಎಡಗಡೆಯವಳೊಬ್ಬಳಿದ್ದಳು. ಹಿಂದೆ ಬರುವುದನ್ನು ಮುಂದಿರುವವನಿಗೆ ತಿಳಿಸುವುದು ನಮ್ಮ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುವ ಜನ, ಬೆನ್ನ ಹಿಂದೆ ಬರುವ ಲಾರಿಗೂ ಕನ್ನಡಿ ಬೇಡವೆಂದೇ ತಿಳಿದಿದ್ದಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಮೊದಲ ಒಡೆಯ ಗದಗಿನ ಪ್ರಜ್ವಲ, ಕಾಲೇಜು ಓದುತ್ತಿದ್ದವನು. ಅವನು ನನ್ನಲ್ಲಿ ರಸ್ತೆ ನೋಡಿದ್ದೇ ಇಲ್ಲ. ಕ್ರಾಪು ತೀಡಿಕೊಂಡ, ಮೀಸೆ ಬಂತೇ ಎಂದು ನೋಡಿಕೊಂಡ. ಸ್ವಲ್ಪ ದಿನಕ್ಕೆ ಅದೂ ಸಾಕಾಯಿತು. “ಕನ್ನಡಿ ಇರೂದು ಅಜ್ಜಗೋಳ ಗಾಡಿಗೆ” ಎಂದು ಇಬ್ಬರನ್ನೂ ಬಿಚ್ಚಿ ಎಸೆದ. ಎಡಗಡೆಯವಳು ಎಲ್ಲಿ ಹೋದಳೋ ಕಾಣೆ. ನಾನು ಅಟ್ಟದ ಮೇಲಿನ ಗೋಣಿಚೀಲದಲ್ಲಿ ಬಿದ್ದುಕೊಂಡೆ.

ಪ್ರಜ್ವಲ ಬೈಕು ಮಾರಲು ಹೊರಟಾಗ ಬಂದವನೇ ಮಾನಪ್ಪ. ತಗಡಿನ ಟ್ರಂಕು ಮಾಡುವವನು. ಎಂಜಿನ್ನು ಹೇಗಿದೆ, ಟಯರು ಹೇಗಿದೆ ಎಂದು ಅವನು ಕೇಳಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, “ಕನ್ನಡಿ ಎಲ್ಲಿ? ಕನ್ನಡಿ ಇಲ್ಲದ ಗಾಡಿ ನನಗ ಬ್ಯಾಡ” ಎಂದ. ಪ್ರಜ್ವಲನ ತಾಯಿ ಅಟ್ಟ ಹತ್ತಿ ನನ್ನನ್ನು ಹುಡುಕಿ ತಂದು, ಸೆರಗಿನಿಂದ ಒರೆಸಿ ಕೊಟ್ಟಳು. ಬೇಕಾದವಳಾಗಿ ಒಬ್ಬರ ಕೈಗೆ ಹೋದದ್ದು ನನಗೆ ಅದೇ ಮೊದಲು.

ಅವನಿಗೆ ನಾನೇಕೆ ಬೇಕಾಗಿತ್ತು ಎಂಬುದು ದಾರಿಯಲ್ಲಿ ತಿಳಿಯಿತು. ಮಾನಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಿಂದ ತಗಡು ಬಡಿದೂ ಬಡಿದೂ ಆ ಸದ್ದೇ ಅವನ ಕಿವಿಯನ್ನು ತಿಂದುಹಾಕಿತ್ತು. ನಮ್ಮ ರಸ್ತೆಗಳು ನಡೆಯುವುದೇ ಹಾರ್ನಿನ ಮೇಲೆ. ಹಾರ್ನ್ ಹೊಡೆದವನು ತನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ. ಜೀವ ಉಳಿಸಿಕೊಳ್ಳುವುದು ಮುಂದಿನವನಿಗೆ ಬಿಟ್ಟದ್ದು. ಅಂಥಲ್ಲಿ ಮಾನಪ್ಪನಿಗೆ ನಾನೇ ಕಿವಿಯಾದೆ. ಉಸಿರಿಗೊಮ್ಮೆ ನನ್ನ ಕಡೆ ನೋಡುತ್ತಿದ್ದ. ನನ್ನೊಳಗೆ ಬಸ್ಸಿನ ಮುಖ ಕಂಡರೆ ಅದು ಹಾರ್ನ್ ಹೊಡೆಯುವ ಮೊದಲೇ ಪಕ್ಕಕ್ಕೆ ಸರಿದಿರುತ್ತಿದ್ದ.

ಹೆಂಡತಿ ಕಮಲವ್ವ ಹಿಂದೆ ಕೂತ ದಿನ ನನಗೆ ಅರ್ಧ ರಜೆ. ಅವಳು ಮಾತಾಡಿದರೆ ಅವನಿಗೆ ಕೇಳುತ್ತಿರಲಿಲ್ಲವಲ್ಲ, ಅದಕ್ಕೆ ಅವರಿಬ್ಬರೂ ತಮ್ಮದೇ ಒಂದು ಲೆಕ್ಕ ಮಾಡಿಕೊಂಡಿದ್ದರು. ಹಿಂದೆ ಹಾರ್ನ್ ಕೇಳಿದರೆ ಅವಳು ಅವನ ಬಲಭುಜ ತಟ್ಟುವಳು, ಅವನು ಎಡಕ್ಕೆ ಸರಿಯುವನು. ಎರಡೂ ಭುಜ ಹಿಡಿದರೆ ಗಾಡಿ ನಿಲ್ಲಿಸಬೇಕು. ಕೆಲವೊಮ್ಮೆ ಹಿಂದೆ ಏನೂ ಇಲ್ಲದಿದ್ದರೂ ಸುಮ್ಮನೆ ತಟ್ಟುವಳು. ಅವನು ನನ್ನಲ್ಲಿ ನೋಡಿದರೆ ರಸ್ತೆಯ ಬದಲು ಅವಳ ನಗುಮುಖ ಇಣುಕುತ್ತಿತ್ತು. ನನ್ನ ಬಾಳಿನಲ್ಲಿ ನಾನು ತೋರಿಸಿದ ಒಳ್ಳೆಯ ನೋಟ ಅದೇ.

ಆದರೆ ಟ್ರಂಕು ಕೊಡಲು ಹೋಗುವಾಗ ಅವಳಿಗೆ ಜಾಗವಿರುತ್ತಿರಲಿಲ್ಲ. ಹಿಂದಿನ ಸೀಟಿನ ಮೇಲೆ ಟ್ರಂಕೇ ಕೂರುತ್ತಿತ್ತು.

ಹಾಗೆ ಒಂದು ದಿನ ಮುಂಡರಗಿಯ ದಾರಿಯಲ್ಲಿ ಹೊರಟಿದ್ದೆವು. ಹಿಂದೆ ಒಂದು ಬಿಳಿ ಕಾರು ಬಂತು. ಮಾನಪ್ಪ ಅದನ್ನು ನನ್ನಲ್ಲಿ ಕಂಡ. ಎಡಕ್ಕೆ ಹೊಟ್ಟು ತುಂಬಿದ ಚಕ್ಕಡಿ ಇತ್ತು, ಅದನ್ನು ದಾಟದೆ ಸರಿಯುವ ಹಾಗಿರಲಿಲ್ಲ. ಕಾರಿನವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಹಾರ್ನ್ ಒತ್ತಿ ಹಿಡಿದೇ ಬಂದು, ಮುಂದೆ ನುಗ್ಗಿ ಅಡ್ಡ ನಿಲ್ಲಿಸಿ ಇಳಿದ.

“ಅವಾಗಿಂದ ಹಾರ್ನ್ ಹೊಡ್ಯಾಕತ್ತೀನಿ. ಕಿವುಡ ಅದೀಯೇನಲೇ?”

ಮಾನಪ್ಪ ಅವನ ತುಟಿ ನೋಡಿ ಅರ್ಥ ಮಾಡಿಕೊಂಡು ಕೈ ಮುಗಿದ. “ಹೌದ್ರಿ ಸಾಹೇಬ್ರ, ಕಿವಿ ಕೇಳಂಗಿಲ್ರಿ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಪಾಪ. ಕಾರಿನವನು ತನ್ನನ್ನು ಅಣಕಿಸಿದ ಎಂದುಕೊಂಡ. “ಕನ್ನಡಿ ಇಟಗೊಂಡು ನನಗ ಆಟ ಆಡಸ್ತೀಯಾ?” ಎಂದು ನನ್ನ ಕುತ್ತಿಗೆ ಹಿಡಿದು ತಿರುಚಿ ಮುರಿದು, ರಸ್ತೆಗೆ ಎಸೆದು ಹೋದ. ಮಾನಪ್ಪ ನನ್ನನ್ನು ಎತ್ತಿಕೊಂಡು ಅಂಗಿಯ ತುದಿಯಲ್ಲಿ ಧೂಳು ಒರೆಸಿದ. ಮುಖಕ್ಕೆ ಅಡ್ಡ ಒಂದು ಬಿರುಕು ಬಿಟ್ಟಿತ್ತು, ಆದರೂ ರಸ್ತೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಹಳ್ಳಿಯೊಂದಕ್ಕೆ ಮದುವೆಯ ಟ್ರಂಕು ಮುಟ್ಟಿಸಬೇಕಿತ್ತು. ಗುಲಾಬಿ ಹೂವಿನ ನಡುವೆ ಮದುಮಗಳ ಹೆಸರು ಬರೆದು ಸಿದ್ಧವಾಗಿತ್ತು: ರೇಣುಕಾ. ಕಮಲವ್ವ ನನ್ನನ್ನೂ ಒಂದು ತುಂಡು ತಂತಿಯನ್ನೂ ಹಿಡಿದು ಬಾಗಿಲಿಗೆ ಬಂದಳು.

“ತಂತಿ ಸುತ್ತಿ ಕೊಡ್ತೀನ್ರಿ. ಇದನ್ನ ಕಟಗೊಂಡ ಹೋಗ್ರಿ” ಎಂದು ಅವನ ಎದುರಿಗೆ ನಿಂತು ಹೇಳಿದಳು.

“ಹುಚ್ಚಿ ಅದೀಯೇನ? ಒಡದ ಕನ್ನಡಿ ಕಟಗೊಂಡು ಮದುವಿ ಮನಿಗೆ ಹೋಗ್ತಾರೇನ? ಆ ಹುಡುಗಿಗೆ ಒಳ್ಳೇದ ಆಗಬೇಕೋ ಬ್ಯಾಡೋ?”

“ನಿಮಗ ಒಳ್ಳೇದ ಆಗೂದು ಬ್ಯಾಡೇನ್ರಿ?”

ಅವನು ನಕ್ಕ. “ಬರೋ ಮುಂದ ಹೊಸಾದು ಹಾಕಿಸ್ಕೊಂಡ ಬರ್ತೀನಿ.”

ಯಾರದೋ ಮನೆಯ ಹುಡುಗಿ. ಅವಳ ಹೆಸರಿನ ಅಕ್ಷರಕ್ಕೆ ಎರಡು ಸಲ ಬಣ್ಣ ಕೊಟ್ಟಿದ್ದ, ಅಷ್ಟೇ ನಂಟು. ಒಡೆದ ನನ್ನ ನೆರಳು ಅವಳ ಸಂಸಾರದ ಮೇಲೆ ಬೀಳಬಾರದೆಂದು ಕಿವಿಯಿಲ್ಲದ ಆ ಮನುಷ್ಯ ಕಣ್ಣನ್ನೂ ಮನೆಯಲ್ಲೇ ಬಿಟ್ಟು ಹೊರಟ. ನಾನು ಕಮಲವ್ವನ ಕೈಯಲ್ಲೇ ಇದ್ದೆ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಒಳಗೆ ಹೋಗಲಿಲ್ಲ.

ಮುಂದಿನದು ಮನೆಗೆ ಬಂದವರ ಬಾಯಿಂದ ನಾನು ಕೇಳಿದ್ದು. ರಸ್ತೆಯಲ್ಲಿ ಗುಂಡಿ ಇತ್ತಂತೆ. ಅದನ್ನು ತಪ್ಪಿಸಲು ಮಾನಪ್ಪ ಬಲಕ್ಕೆ ಸರಿದನಂತೆ. ಹಿಂದಿನಿಂದ ಟೆಂಪೋ ಬಂದಿತ್ತು. ಅದರ ಡ್ರೈವರು ಕುಡಿದಿರಲಿಲ್ಲ, ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಅವನು ರಸ್ತೆಯ ಪಕ್ಕ ತಲೆ ಹಿಡಿದು ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದನಂತೆ: “ಹಾರ್ನ್ ಹೊಡದಿದ್ನಿರಿ. ದೇವರಾಣಿ, ಹಾರ್ನ್ ಹೊಡದಿದ್ನಿ.” ಅವನು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಬ್ರೇಕ್ ಒತ್ತಿದ್ದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲವಂತೆ.

ಮದುವೆ ಬೇರೆ ಟ್ರಂಕಿನೊಂದಿಗೆ ನಡೆಯಿತು. ನಜ್ಜುಗುಜ್ಜಾದ ಬೈಕು ಗುಜರಿಗೆ ಹೋಯಿತು. ಒಂದು ಮೂಲೆ ತಗ್ಗಾದ ಆ ಟ್ರಂಕನ್ನು ಯಾರೋ ಕಮಲವ್ವನ ಮನೆಗೇ ತಂದಿಟ್ಟರು. ಅದರಲ್ಲೀಗ ಊರವರ ರವಿಕೆ ಬಟ್ಟೆಗಳಿವೆ. ಅವಳು ಹೊಲಿಗೆ ಹಿಡಿದಿದ್ದಾಳೆ. ಒಡೆದ ಕನ್ನಡಿ ಮನೆಯಲ್ಲಿ ಇಡಬಾರದು, ಹೊರಗೆ ಒಗಿ ಎಂದು ನೆರೆಯವರು ಹೇಳಿದರು. “ಇನ್ನೇನ ಆಗೂದದ ಬಿಡ್ರಿ” ಎಂದು ಅವಳು ಅದೇ ತಂತಿಯಿಂದ ನನ್ನನ್ನು ಹೊಲಿಗೆ ಯಂತ್ರದ ಎದುರಿನ ಗೂಟಕ್ಕೆ ಕಟ್ಟಿದಳು.

ನನಗೆ ವಯಸ್ಸಾಗಿದೆ. ಅಂಚಿನಲ್ಲಿ ಕಪ್ಪು ಕಲೆ ಹಬ್ಬುತ್ತಿದೆ. ಕಮಲವ್ವ ರಸ್ತೆಗೆ ಬೆನ್ನು ಹಾಕಿ ಕೂತು ಹೊಲಿಯುತ್ತಾಳೆ; ಅವಳ ಹಿಂದಿನ ಬಾಗಿಲು, ಅದರಾಚೆಯ ರಸ್ತೆ ನನ್ನಲ್ಲಿ ಈಗಲೂ ಕಾಣುತ್ತದೆ. ಬಸ್ಸು ಬರುತ್ತದೆ, ಲಾರಿ ಬರುತ್ತದೆ. ಹಾರ್ನ್ ಕೇಳಿದಾಗಲೆಲ್ಲ ಅವಳ ಬಲಗೈ ಬಟ್ಟೆ ಬಿಟ್ಟು ಮೇಲೇಳುತ್ತದೆ. ತನ್ನ ಮುಂದಿನ ಖಾಲಿ ಗಾಳಿಯನ್ನು, ಒಂದು ಭುಜದ ಎತ್ತರದಲ್ಲಿ, ಮೆಲ್ಲಗೆ ತಟ್ಟಿ ಮತ್ತೆ ಹೊಲಿಗೆಗೆ ಇಳಿಯುತ್ತದೆ.