ಹಾಲಿನ ಕೊಡ, ಔತಣದ ಕಡಾಯಿ

ದೂರದ ಬೆಟ್ಟನಾಡಿನ ನರಿನ್ ನದಿಯ ಮೇಲ್ಕಣಿವೆಯಲ್ಲಿ ಈ ಕಥೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಕಾರಾ-ಬುಲಾಕ್ ಊರಿನ ತೊಕ್ತೊಬೂಬು ಎಂಬ ಹಿರಿಯ ಹೆಂಗಸು ಹೇಳಿದ ಪಾಠವನ್ನೇ ಇಲ್ಲಿ ಅನುಸರಿಸಿದ್ದೇನೆ. ಬೇರೆಯವರು ಬೇರೆ ರೀತಿ ಹೇಳಿದ ಕಡೆ ಅದನ್ನೂ ಸೂಚಿಸಿದ್ದೇನೆ.

ಕಾರಾ-ಬುಲಾಕಿನಲ್ಲಿ ಹುಲ್ಲಿಗೆ ಕೊರತೆಯಿರಲಿಲ್ಲ, ಹಾಲಿಗೂ ಕೊರತೆಯಿರಲಿಲ್ಲ. ತೊಂದರೆಯಿದ್ದದ್ದು ಹಾಲಿನ ಲಾರಿಯದು. ಕಣಿವೆಯ ಊರುಗಳನ್ನೆಲ್ಲ ಸುತ್ತಿಕೊಂಡು ಅದು ಇಲ್ಲಿಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೇರಿರುತ್ತಿದ್ದ. ಚಾಲಕ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ, ಮತ್ತೆ ಮುಚ್ಚಿಬಿಡುತ್ತಿದ್ದ.

“ಹುಳಿ ಬಂದಿದೆ ತಾಯಿ. ಇದನ್ನ ಸುರ್ಕೊಂಡ್ರೆ ಟ್ಯಾಂಕಲ್ಲಿರೋದೆಲ್ಲ ಕೆಡುತ್ತೆ.”

“ಬೆಳಿಗ್ಗೆ ಕರೆದಿದ್ದಪ್ಪ!”

“ಬೆಳಿಗ್ಗೆ ಚೆನ್ನಾಗೇ ಇತ್ತು, ನಾನೇನು ಇಲ್ಲ ಅಂದ್ನಾ?”

ಹೆಂಗಸರು ಒಡೆದ ಹಾಲನ್ನು ಮನೆಗೆ ಹೊತ್ತು ತಂದು, ಮೊಸರು ಮಾಡಿ, ಬಟ್ಟೆಯಲ್ಲಿ ಹಿಂಡಿ, ಉಂಡೆ ಕಟ್ಟಿ ಮಾಡಿನ ಮೇಲೆ ಒಣಗಿಸುತ್ತಿದ್ದರು. ಊರಿನ ಮಾಡುಗಳೆಲ್ಲ ಮೊಸರುಂಡೆಯಿಂದ ಬೆಳ್ಳಗಾದವು. ಪ್ರತಿಯೊಬ್ಬರ ಮನೆಯಲ್ಲೂ ಅದೇ ಇದ್ದಾಗ ಕೊಳ್ಳುವವರು ಯಾರು?

ತೊಕ್ತೊಬೂಬುವಿನ ಸೊಸೆ ಬುರುಲ್. ಮಗ ಕುಬಾತ್ ಊರವರ ಕುರಿಗಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಿದ್ದ. ಅವನ ದುಡಿಮೆ ಚಳಿಗಾಲದ ಹಿಟ್ಟಿಗೂ ಕಲ್ಲಿದ್ದಲಿಗೂ ಸರಿಹೋಗುತ್ತಿತ್ತು. ಉಳಿದದ್ದಕ್ಕೆಲ್ಲ ಹಾಲೇ ಆಧಾರ, ಆ ಹಾಲು ಮಾಡಿನ ಮೇಲೆ ಒಣಗುತ್ತಿತ್ತು. ಕೊನೆಗೆ ಮನೆಯಲ್ಲಿ ಮಾತಾಯಿತು: ಆಲೂಗಡ್ಡೆ ಅಗೆದ ಮೇಲೆ ಬುರುಲ್ ಮಾಸ್ಕೋಗೆ ಹೋಗಬೇಕು. ಅಲ್ಲಿ ನಾದಿನಿ ದುಡಿಯುವ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸವಿದೆ. ಎರಡು ವರ್ಷದ ಮಗಳು ಬೆಗಾಯ್ ಅಜ್ಜಿಯ ಬಳಿ ಇರುತ್ತಾಳೆ. ಬುರುಲ್ “ಆಗಲಿ” ಎಂದಳು. ಆ ದಿನದಿಂದ ಮಗುವನ್ನು ಬೇರೆ ಯಾರ ಪಕ್ಕದಲ್ಲೂ ಮಲಗಿಸಲಿಲ್ಲ.

ಆ ಬೇಸಿಗೆಯಲ್ಲಿ ಉಮ್ಸುನಾಯ್ ಎಂಬಾಕೆ ಊರಿಗೆ ಬಂದಳು. ಪಕ್ಕದ ಕಣಿವೆಯ ರೈತರ ಮನೆಯವಳು. ಹೊರದೇಶದ ಜನರು ಸಣ್ಣ ಸಣ್ಣ ದೇಣಿಗೆಗಳಿಂದ ನಡೆಸುವ ಒಂದು ಸೇವಾಸಂಸ್ಥೆಗೆ ಅವಳು ಕೆಲಸ ಮಾಡುತ್ತಿದ್ದಳು. ಹಳ್ಳಿಗಳು ತಮ್ಮ ತೀರ್ಮಾನವನ್ನು ತಾವೇ ಮಾಡಲು ಕಲಿಯಬೇಕು, ತಮ್ಮ ಕಾಲ ಮೇಲೆ ನಿಲ್ಲುವಂಥ ಒಂದು ಕಸುಬು ಕಟ್ಟಿಕೊಳ್ಳಬೇಕು ಎಂಬುದು ಆ ಸಂಸ್ಥೆಯ ಉದ್ದೇಶ. ತೊಕ್ತೊಬೂಬು ಚಹಾ ಕೊಟ್ಟಳು; ನಂಬಿಕೆ ಕೊಡಲಿಲ್ಲ.

“ಯಾರೂ ಸುಮ್ಮನೆ ಏನೂ ಕೊಡಲ್ಲ ಕಣಮ್ಮ. ಇವತ್ತು ಯಂತ್ರ ಕೊಡ್ತಾರೆ, ನಾಳೆ ಬಂದು ಹುಲ್ಲುಗಾವಲು ಕೇಳ್ತಾರೆ.”

“ಹುಲ್ಲುಗಾವಲು ಅವರಿಗ್ಯಾಕಮ್ಮಾ? ಅವರಲ್ಲಿ ಒಬ್ಬರಿಗೂ ನೆಟ್ಟಗೆ ಕುದುರೆ ಹತ್ತೋಕೆ ಬರಲ್ಲ.”

“ಮತ್ತೆ ಏನು ಬೇಕಂತೆ?”

“ಒಂದೇ. ಯಾವ ಕೆಲಸ ಆಗಬೇಕು ಅಂತ ಊರು ಕೂತು ಹೇಳಬೇಕು. ದುಡಿಮೆ ಊರಿನದು, ಸಾಮಾನು ಸಂಸ್ಥೆದು. ಆದರೆ ಹೇಳೋದು ನಾಲ್ಕು ಜನ ಗಂಡಸರಲ್ಲ, ಊರು.”

“ಊರಿಗೆ ಬಾಯಿ ಇದೆಯಲ್ಲ, ನಮ್ಮ ಬಾವ!”

ಬಾವ ಎಂದರೆ ಅವಳ ತೀರಿಹೋದ ಗಂಡನ ಅಣ್ಣ ಶರ್ಶೆನ್, ಊರಿನ ಅತಿ ಹಿರಿಯ. ಅವನ ಮುಂದೆ ಊರಿನ ಸೊಸೆಯಂದಿರು ದನಿ ಎತ್ತುತ್ತಿರಲಿಲ್ಲ. ಮನೆಗೆ ಬಂದಂದಿನಿಂದ ತೊಕ್ತೊಬೂಬು ಒಮ್ಮೆಯೂ ಅವನ ಹೆಸರು ಹಿಡಿದವಳಲ್ಲ.

ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ ಸೇರಿತು. ಉಮ್ಸುನಾಯ್ ವಿಷಯ ವಿವರಿಸಿ ಕುಳಿತಳು. ಶರ್ಶೆನ್ ಎದ್ದು ನಿಂತ.

“ಹೋದ ವರ್ಷ ನಮ್ಮಣ್ಣನ ಮಗನ ತಿಥಿ ಊಟಕ್ಕೆ ಮೂರು ಕಣಿವೆಯಿಂದ ನೆಂಟರು ಬಂದಿದ್ರು. ಬಯಲಲ್ಲಿ ಕೂರಿಸಿದ್ವಿ. ಅವರ ಸಾರಿನ ಬಟ್ಟಲಿಗೆ ಹಿಮ ಬಿತ್ತು. ನಾನು ಕಣ್ಣಾರೆ ನೋಡಿದೆ. ನಮ್ಮೂರಿಗೆ ಒಂದು ಔತಣದ ಮನೆ ಬೇಕು.”

ಮಾತು ಸುಳ್ಳಲ್ಲ. ಹಲವರು ತಲೆದೂಗಿದರು. ಆಗ ಶರ್ಶೆನ್ ಅಭ್ಯಾಸಬಲದಿಂದ ಎರಡೂ ಅಂಗೈಗಳನ್ನು ಮುಂದೆ ಚಾಚಿ ಬಾತಾ ಹೇಳಿಬಿಟ್ಟ: ಮನೆ ಏಳಲಿ, ಅದರ ಒಲೆ ಆರದಿರಲಿ, ನೆಂಟರು ತುಂಬಿರಲಿ. ಬಾತಾ ಎಂದರೆ ಹಿರಿಯರ ಹಾರೈಕೆ. ಅದು ಮುಗಿದೊಡನೆ ಎಲ್ಲರೂ “ಓಮಿನ್”, ಹಾಗೆಯೇ ಆಗಲಿ, ಎಂದು ಅಂಗೈಗಳಿಂದ ಮುಖ ಸವರಿಕೊಳ್ಳುವುದು, ಏಳುವುದು. ಆಮೇಲೆ ಮಾತಿಲ್ಲ.

ಇಡೀ ಕೋಣೆ ಮುಖ ಸವರಿಕೊಂಡಿತು. ಬುರುಲ್ ಸವರಿಕೊಂಡಳು. ಉಮ್ಸುನಾಯ್ ಕೂಡ ಸವರಿಕೊಂಡಳು. ಕೈ ಕೆಳಗಿಳಿಸಿ ನೋಡುವಷ್ಟರಲ್ಲಿ ಜನ ಬಾಗಿಲಲ್ಲಿ ಬೂಟು ಹುಡುಕುತ್ತಿದ್ದರು.

ಸಂಜೆ ಉಮ್ಸುನಾಯ್ ತೊಕ್ತೊಬೂಬುವಿನ ಮನೆಗೆ ಬಂದು ಗೋಡೆಗೊರಗಿ ಕುಳಿತಳು.

“ನೀನೂ ಓಮಿನ್ ಅಂದ್ಯಲ್ಲೇ!” ತೊಕ್ತೊಬೂಬುವಿಗೆ ನಗು ತಡೆಯಲಾಗಲಿಲ್ಲ.

“ಕೈ ನನ್ನನ್ನ ಕೇಳಿ ಏಳುತ್ತಾ ಅಮ್ಮಾ? ಹುಟ್ಟಿದಾಗಿನಿಂದ ಎದ್ದಿದೆ, ಇವತ್ತೂ ಎದ್ದಿತು.”

“ಮುಗೀತು ಬಿಡು. ಔತಣದ ಮನೆ ಆಯ್ತು.”

“ಆಗಲಿಲ್ಲ. ಅರ್ಧ ಊರು ಬಾಯಿ ಬಿಟ್ಟಿಲ್ಲ, ಅದನ್ನ ಊರಿನ ತೀರ್ಮಾನ ಅಂತ ಹೇಗೆ ಒಪ್ಪಿಸಲಿ? ಎಲ್ಲರೂ ಕೇಳಿ, ಎಲ್ಲರೂ ಹೇಳಿ, ಆಮೇಲೂ ಔತಣದ ಮನೇನೇ ಬೇಕು ಅಂದ್ರೆ ಸಂತೋಷವಾಗಿ ಕಟ್ಟೋಣ. ನಮ್ಮೂರಲ್ಲಿ ಹಾಲು ತಂಪು ಮಾಡೋ ಕೋಣೆ ಆಯ್ತು. ಲಾರಿ ಎಷ್ಟೊತ್ತಿಗೆ ಬಂದ್ರೂ ಹಾಲು ಕೆಡಲ್ಲ. ಆದ್ರೆ ಅದನ್ನ ಬೇಕು ಅಂದಿದ್ದು ನಾನಲ್ಲ, ನಮ್ಮೂರು.”

ಬುರುಲ್ ಒಲೆಯ ಬಳಿಯಿದ್ದಳು. ಕೈಯಲ್ಲಿದ್ದ ಸೌಟು ನಿಂತಿತು.

“ಅಕ್ಕಾ, ಹಾಲು ಲಾರಿಗೆ ಹೋಗೋ ಹಾಗಾದ್ರೆ...” ಎಂದಳು. ಬೆಗಾಯ್ ಅವಳ ಲಂಗ ಹಿಡಿದು ನಿಂತಿತ್ತು.

ತೊಕ್ತೊಬೂಬು ಸೊಸೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ನಗು ಹೋಯಿತು.

“ಕೊಟ್ಟ ಬಾತಾ ಮೇಲೆ ಸೊಸೆ ಮಾತಾಡೋ ಹಾಗಿಲ್ಲ,” ಎಂದಳು. ಮೊಮ್ಮಗಳನ್ನು ಎತ್ತಿಕೊಂಡು, “ಆದ್ರೆ ಬಾತಾನೇ ಹೊತ್ತಲ್ಲದ ಹೊತ್ತಲ್ಲಿ ಬಂದಿದ್ರೆ?”

ಮರುದಿನ ಬೆಳಿಗ್ಗೆ ಅವಳು ಒಂದು ಪಾತ್ರೆ ಮೊಸರು ಹಿಡಿದು ಬಾವನ ಮನೆಗೆ ಹೋದಳು. ಪದ್ಧತಿಯಂತೆ ಬಾಗಿಲ ಪಕ್ಕದಲ್ಲಿ, ಮುಖ ಓರೆಮಾಡಿ ಕುಳಿತಳು.

“ಬಾವ, ಒಂದು ಮಾತು ಕೇಳ್ಲಾ?”

“ಕೇಳಮ್ಮ.”

“ಮನೆಗೆ ನೆಂಟರು ಬಂದ್ರು. ಒಳಗೆ ಕೂರಿಸಿದ್ರಿ. ಊಟದ ಬಟ್ಟೆ ಹಾಸಿಲ್ಲ, ರೊಟ್ಟಿ ಮುರಿದಿಲ್ಲ, ಚಹಾ ಕೊಟ್ಟಿಲ್ಲ. ಆಗ ಬಾತಾ ಹೇಳಿಬಿಡ್ತೀರಾ?”

“ನನಗೇನು ಅರಳುಮರಳಾ? ಬಾತಾ ಊಟ ಆದ್ಮೇಲೆ. ಮೊದಲೇ ಹೇಳಿದ್ರೆ ಎದ್ದು ಹೋಗಿ ಅಂದಂಗೆ.”

“ನಿನ್ನೆ ಶಾಲೇಲಿ ಹಂಗೇ ಆಯ್ತು ಬಾವ. ಜನ ಮಾತು ಕಟ್ಕೊಂಡು ಬಂದಿದ್ರು. ಗಂಟು ಬಿಚ್ಚೋ ಮೊದಲೇ ಎಬ್ಬಿಸಿ ಕಳಿಸಿದ್ರಿ.”

ಇಲ್ಲಿ ಕೆಳಗಿನ ಕೇರಿಯವರು ಶರ್ಶೆನ್ ಬಟ್ಟಲನ್ನು ನೆಲಕ್ಕೆ ಕುಕ್ಕಿದನೆಂದು ಹೇಳುತ್ತಾರೆ. ತೊಕ್ತೊಬೂಬು ಅದನ್ನು ಒಪ್ಪುವುದಿಲ್ಲ. ಅವನು ಮೊಸರನ್ನು ಪೂರ್ತಿ ಕುಡಿದು, ಇನ್ನಷ್ಟು ಹಾಕಿಸಿಕೊಂಡನೆಂದು ಅವಳ ಪಾಠ.

“ಕೊಟ್ಟ ಬಾತಾ ವಾಪಸ್ ತಗೊಳ್ಳೋಕಾಗಲ್ಲ,” ಎಂದ ಕೊನೆಗೆ.

“ಯಾರು ತಗೊಳ್ಳಿ ಅಂದ್ರು? ಅದು ಔತಣದ ಮನೆಗೇ ಇರಲಿ, ಎಂದಾದ್ರೂ ಏಳುತ್ತೆ. ಈಗ ಬಟ್ಟೆ ಹಾಸಿ, ಎಲ್ಲರೂ ತಂದಿದ್ದು ಇಡಲಿ, ಆಮೇಲೆ ಇನ್ನೊಂದು ಬಾತಾ ಕೊಡಿ. ನಿಮ್ಮ ಹತ್ರ ಇದ್ದಿದ್ದು ಒಂದೇನಾ?”

ಮುದುಕ ನಕ್ಕ. “ನಿನ್ನನ್ನ ಈ ಮನೆಗೆ ತಂದಾಗ ಬಾಯಿಲ್ಲದ ಹುಡುಗಿ ಅಂದಿದ್ರು!”

“ನೀವ್ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಎರಡನೆಯ ಸಭೆಗೆ ಕೋಣೆಯ ಉದ್ದಕ್ಕೂ ಊಟದ ಬಟ್ಟೆ ಹಾಸಿ, ರೊಟ್ಟಿ, ಬೆಣ್ಣೆ, ಏಪ್ರಿಕಾಟ್ ಇಟ್ಟಿದ್ದರು. ಶರ್ಶೆನ್ ಕುಳಿತಲ್ಲಿಂದಲೇ ಹೇಳಿದ: “ಇವತ್ತು ಸೊಸೆಯಂದಿರು ಮೊದಲು. ನಾನು ಕೊನೇಲಿ. ಮಧ್ಯೆ ಯಾರಾದ್ರೂ ಕೈ ಚಾಚಿದ್ರೆ ಆ ಕೈಗೆ ರೊಟ್ಟಿ ಇಡಿ.”

ನಕ್ಕರು. ಉಮ್ಸುನಾಯ್ ಯಾರನ್ನೂ ಬಲವಂತ ಮಾಡದೆ ಚಹಾ ಹಂಚುತ್ತ ಹೋದಳು. ಬುರುಲ್ ಎದ್ದಳು. ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

“ದೊಡ್ಡ ಮಾವ, ನಿಮ್ಮ ನೆಂಟರ ಬಟ್ಟಲಿಗೆ ಹಿಮ ಬಿದ್ದಾಗ ಬಡಿಸ್ತಿದ್ದವಳು ನಾನೇ. ನನಗೂ ನಾಚಿಕೆ ಆಯ್ತು. ಔತಣದ ಮನೆ ಬೇಡ ಅನ್ನಲ್ಲ. ಆದ್ರೆ ಆಲೂಗಡ್ಡೆ ಅಗೆದ ಮೇಲೆ ನಾನು ಹೋಗ್ತೀನಿ. ಮಗಳಿಗೆ ಎರಡು ವರ್ಷ. ಅವಳು ಈಗ ಅಮ್ಮ ಅಂತಾಳೆ. ನಾನು ತಿರುಗಿ ಬರೋ ಹೊತ್ತಿಗೆ ಯಾರನ್ನ ಅಮ್ಮ ಅಂತಾಳೋ ಗೊತ್ತಿಲ್ಲ. ಹಾಲು ಕೆಡದೆ ಇದ್ದಿದ್ರೆ ನಾನು ಹೋಗಬೇಕಾಗಿರಲಿಲ್ಲ.”

ಅಷ್ಟು ಹೇಳಿ ಕುಳಿತಳು. ಪಕ್ಕದವಳು ಎದ್ದಳು. ಅವಳ ತಂಗಿ ಈಗಾಗಲೇ ಮಾಸ್ಕೋಗೆ ಹೋಗಿದ್ದಾಳೆ. ಅವಳ ಆಚೆ ಕುಳಿತ ಗಂಡಸು ಎದ್ದ. ಅವನ ಹೆಂಡತಿ ಹೋಗಿದ್ದಾಳೆ. ಒಬ್ಬ ಯುವಕ ಔತಣದ ಮನೆಯ ಪರವಾಗಿಯೂ ಚೆನ್ನಾಗಿ ವಾದಿಸಿದ: ಬಾಡಿಗೆ ಬರುತ್ತೆ, ಮದುವೆಗಳು ಊರಿಗೇ ಬರುತ್ತವೆ. ಅವನ ಮಾತನ್ನೂ ಕೇಳಿದರು. ಮಾತು ಮುಗಿಯುವಷ್ಟರಲ್ಲಿ ಚಹಾ ಕೆಟಲನ್ನು ಮತ್ತೆ ಮತ್ತೆ ತುಂಬಬೇಕಾಯಿತು.

“ಈಗ ಕೈ ಎತ್ತಿ ಅನ್ನಲಾ?” ಎಂದು ಶಾಲೆಯ ಮೇಷ್ಟ್ರು ಕೇಳಿದರು.

“ಬೇಡ ಮೇಷ್ಟ್ರೇ,” ಎಂದಳು ಉಮ್ಸುನಾಯ್. “ಸೊಸೆ ಕೈ ಅತ್ತೆ ಕೈ ನೋಡಿ ಏಳುತ್ತೆ, ಅತ್ತೆ ಕೈ ಬಾವನ ಕೈ ನೋಡಿ ಏಳುತ್ತೆ. ಯಾರೂ ಕಾಣದ ಕಡೆ ಹೇಳೋಣ.”

ಮೂಲೆಯಲ್ಲಿ ಒಂದು ಪರದೆ ಕಟ್ಟಿದರು. ಮದುವೆಯಾಗಿ ಬಂದ ಹುಡುಗಿಯನ್ನು ಮೊದಲ ದಿನಗಳಲ್ಲಿ ಕೂರಿಸುವ ಕಸೂತಿಯ ಪರದೆ ಅದು. ಊರಿನ ಪ್ರತಿಯೊಬ್ಬ ಹೆಂಗಸೂ ಒಂದು ಕಾಲಕ್ಕೆ ಅಂಥದ್ದರ ಹಿಂದೆ ತುಟಿ ಬಿಚ್ಚದೆ ಕುಳಿತವಳೇ. ಪರದೆಯ ಹಿಂದೆ ಹಾಲಿನ ಕೊಡ ಒಂದು, ಔತಣದ ಕಡಾಯಿ ಒಂದು. ಪ್ರತಿಯೊಬ್ಬರ ಕೈಗೂ ಮಕ್ಕಳು ಆಡುವ ಕುರಿಯ ಕೀಲುಮೂಳೆ ಒಂದು. ಬೇಕಾದದ್ದರಲ್ಲಿ ಹಾಕಿ ಬರುವುದು.

ಮೊದಲು ಹೋದವನು, ಸಭೆಗೆಂದೇ ಹುಲ್ಲುಗಾವಲಿನಿಂದ ಇಳಿದು ಬಂದಿದ್ದ ಕುಬಾತ್. ಠಣ್ ಎಂದು ಕಡಾಯಿ ಸದ್ದು ಮಾಡಿತು.

“ಏ ಕುಬಾತ್! ಹೆಂಡತಿ ಮೇಲೆ ಅಷ್ಟೊಂದು ಪ್ರೀತಿನಾ!” ಎಂದು ಕೋಣೆ ಬಿದ್ದು ಬಿದ್ದು ನಕ್ಕಿತು.

ಅವನು ಕೆಂಪಾಗಿ ಹೊರಬಂದ. “ಕೈ ಜಾರಿ ಬಿತ್ತು ಕಣ್ರೋ! ಕತ್ತಲೆ ಅಲ್ಲಿ!”

“ಗುಟ್ಟು ಅಂದ್ರೆ ಕಿವಿಗೂ ಗುಟ್ಟಾಗಿರಬೇಕು,” ಎಂದು ತೊಕ್ತೊಬೂಬು ಎದ್ದು ಎರಡೂ ಪಾತ್ರೆಗಳ ತಳಕ್ಕೆ ಉಣ್ಣೆಗಂಬಳಿಯ ತುಂಡು ಹಾಸಿ, ಒಂದು ದೀಪ ಇಟ್ಟು ಬಂದಳು. ಬಿದ್ದ ಮೂಳೆ ತೆಗೆದು ಮಗನ ಕೈಗೆ ಕೊಟ್ಟು, “ಇನ್ನೊಂದ್ಸಲ ಹೋಗು, ಕಣ್ಣು ಬಿಟ್ಕೊಂಡು,” ಎಂದಳು. ಆಮೇಲೆ ಯಾರ ಮೂಳೆಯೂ ಸದ್ದು ಮಾಡಲಿಲ್ಲ.

ಎರಡು ಪಾತ್ರೆಗಳನ್ನೂ ಎಲ್ಲರೆದುರು ಬಟ್ಟೆಯ ಮೇಲೆ ಬೇರೆಬೇರೆಯಾಗಿ ಸುರಿದರು. ಎಣಿಸುವ ಅಗತ್ಯ ಬೀಳಲಿಲ್ಲ. ಆದರೂ ಉಮ್ಸುನಾಯ್ ಎಣಿಸಿಯೇ ತೋರಿಸಿದಳು. ಹಾಲಿನ ಕೊಡ ಗೆದ್ದಿತ್ತು.

ಎಲ್ಲರೂ ಶರ್ಶೆನ್ ಕಡೆ ತಿರುಗಿದರು.

“ನಂದು ಎಲ್ಲಿ ಬಿತ್ತು ಅಂತ ಕೇಳಬೇಡಿ,” ಎಂದ ಅವನು. “ನನ್ನ ಮೊಮ್ಮಗನ ಹೆಂಡತೀನೂ ಮಾಸ್ಕೋದಲ್ಲೇ ಇದ್ದಾಳೆ. ಅವಳ ಕೂಸು ಫೋನಿಗೆ ಅಮ್ಮ ಅನ್ನುತ್ತೆ. ಇದುವರೆಗೂ ಯಾರೂ ನನ್ನೆದುರು ಅದನ್ನ ಮಾತಾಗಿ ಆಡಿರಲಿಲ್ಲ.” ಆಮೇಲೆ ಅಂಗೈ ಚಾಚಿದ. ಈ ಸಲ ಎಲ್ಲರೂ ಉಂಡಿದ್ದರು, ಎಲ್ಲರೂ ಮಾತಾಡಿದ್ದರು.

ಊರವರು ಕಲ್ಲು ಹೊತ್ತು ಗೋಡೆ ಎಬ್ಬಿಸಿದರು. ಸಂಸ್ಥೆ ಹಾಲು ತಂಪು ಮಾಡುವ ಯಂತ್ರ ತಂದಿಟ್ಟು, ನಡೆಸುವುದನ್ನು ಊರಿನ ಹೆಂಗಸರಿಗೇ ಕಲಿಸಿತು. ಕೋಣೆ ನೋಡಿಕೊಳ್ಳುವವರನ್ನು ಪ್ರತಿ ವರ್ಷ ಗುಟ್ಟಿನ ಮತದಿಂದಲೇ ಆರಿಸಬೇಕು, ಕೇಳಿದವರಿಗೆ ಲೆಕ್ಕ ಹೇಳಬೇಕು ಎಂದು ಊರೇ ಕಟ್ಟುಪಾಡು ಮಾಡಿಕೊಂಡಿತು. ಲಾರಿಯ ಚಾಲಕ ಈಗ ಬಂದರೆ ಮೂಸುವುದಿಲ್ಲ, ಪೈಪು ಹಾಕುತ್ತಾನೆ.

ಆಲೂಗಡ್ಡೆ ಅಗೆದಾಯಿತು. ಬುರುಲ್ ನಾದಿನಿಗೆ ಫೋನ್ ಮಾಡಿ, “ನಾನು ಬರಲ್ಲ. ಸಾಧ್ಯವಾದ್ರೆ ನೀನೇ ಬಾ,” ಎಂದಳು.

ಉಮ್ಸುನಾಯ್ ಮುಂದಿನ ಊರಿಗೆ ಹೊರಟ ದಿನ ತೊಕ್ತೊಬೂಬು ಅವಳ ಕೈ ಹಿಡಿದುಕೊಂಡಳು. “ನಿನ್ನ ಮೇಲೆ ಅನುಮಾನಪಟ್ಟೆ ತಾಯಿ. ನಮ್ಮ ಮಗು ತಾಯಿ ಮಡಿಲಲ್ಲೇ ಉಳೀತು. ಆ ದುಡ್ಡು ಕಳಿಸಿದವರು ಯಾರು? ಹೆಸರು ಹೇಳು, ಹರಸ್ತೀನಿ.”

“ನನಗೂ ಗೊತ್ತಿಲ್ಲಮ್ಮಾ. ಯಾವುದೋ ಊರಲ್ಲಿ ರೊಟ್ಟಿ ಸುಡೋರು, ಪಾಠ ಹೇಳೋರು, ಬಸ್ಸು ಓಡಿಸೋರು. ಕಾರಾ-ಬುಲಾಕ್ ಎಲ್ಲಿದೆ ಅಂತಾನೂ ಅವರಿಗೆ ಗೊತ್ತಿಲ್ಲ.”

“ಗೊತ್ತಿಲ್ಲದೆ ಕೊಟ್ರಾ!” ಎಂದಳು ತೊಕ್ತೊಬೂಬು. ಹೆಸರಿಲ್ಲದೆಯೇ ಅವರನ್ನು ಹರಸಲು ಅಂಗೈ ಚಾಚಿದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಲ್ಲೂ ಗ್ರಾಮಸಭೆ ಕರೆಯುತ್ತಾರೆ. ದಯವಿಟ್ಟು ಹೋಗಿ. ಹಿಂದಿನ ಸಾಲಲ್ಲಿ ಕುಳಿತು ತಲೆಯಾಡಿಸಿ ಬರಬೇಡಿ. ನಿಮ್ಮ ಮನೆಯ ಕಷ್ಟವನ್ನು ನಿಮ್ಮ ಬಾಯಿಂದಲೇ ಹೇಳಿ. ಹಿರಿಯರಾಗಿದ್ದರೆ ಕಿರಿಯರನ್ನು ಮೊದಲು ಮಾತಾಡಲು ಬಿಡಿ. ಕೈ ಎತ್ತಲು ಯಾರಿಗಾದರೂ ಅಂಜಿಕೆಯಿದ್ದರೆ ಗುಟ್ಟಿನ ಮತ ಕೇಳಿ. ಮುಖ ಕಾಣದ ಯಾರದೋ ನೆರವು ನಿಮ್ಮೂರಿಗೆ ಬಂದಿದ್ದರೆ ಅದನ್ನು ನೆನೆಯಿರಿ, ಅದು ಯಾವ ಕೆಲಸಕ್ಕೆ ಹೋಗಬೇಕೆಂದು ನೀವೇ ನಿರ್ಧರಿಸಿ. ಮುಂದಿನ ಸಭೆ ಯಾವಾಗ? ಇವತ್ತೇ ಪಂಚಾಯಿತಿಗೆ ಹೋಗಿ ವಿಚಾರಿಸಿ, ಪಕ್ಕದ ಮನೆಯವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.